ಒಂದೇ ಗಾಳಿ, ಎರಡು ನೆಲ

ಉಮರ್ಗಾ, ನಿಲಂಗಾ, ಉದಗೀರದ ನಮ್ಮ ಮಕ್ಕಳಲ್ಲಿ ಹಲವರು ಕಡಲನ್ನು ಕಾಣುವುದು ಪುಸ್ತಕದಲ್ಲಿ ಮಾತ್ರ. ಹೊನ್ನಾವರ, ಕಾರವಾರಗಳ ತೆಂಗಿನ ಸಾಲು, ಭೋರ್ಗರೆವ ಗಾಳಿ, ಬಿಡದೆ ಸುರಿವ ಮಳೆ ಇವುಗಳ ವರ್ಣನೆಯನ್ನೋದಿ ತಲೆಯೆತ್ತಿದರೆ ಎದುರಿಗೆ ಬಿರಿದ ಎರೆಭೂಮಿ, ಬೋಳು ಗುಡ್ಡ. ನಿಸರ್ಗವು ಅವರಿಗೆ ಉದಾರವಾಗಿ ನಮಗೇಕೆ ಜಿಪುಣವಾಯಿತು? ಹೀಗೆ ನೆಲದೊಡನೆ ನೆಲವನ್ನು ತೂಗಿನೋಡುವುದಾದರೂ ಯೋಗ್ಯವೆ?

ಹೋಲಿಕೆಯಲ್ಲಿ ಎರಡು ಬಗೆಗಳುಂಟು. ಒಂದು, ಮೇಲುಕೀಳನ್ನೆಣಿಸುವುದು, ಇನ್ನೊಂದು, ಕಾರಣವನ್ನರಸುವುದು. ಮೊದಲನೆಯದು ಒಬ್ಬನಲ್ಲಿ ಗರ್ವವನ್ನೂ ಮತ್ತೊಬ್ಬನಲ್ಲಿ ಅಸೂಯೆಯನ್ನೂ ಬೆಳೆಸುತ್ತದೆ. ಎರಡನೆಯದು ಏನನ್ನು ಕಲಿಸುತ್ತದೆಂಬುದನ್ನು ವಿಚಾರಿಸೋಣ.

ಜೂನ್ ತಿಂಗಳಲ್ಲಿ ಅರಬ್ಬೀ ಸಮುದ್ರದಿಂದ ಬರುವ ನೈರುತ್ಯ ಮಾರುತವು ಸಹ್ಯಾದ್ರಿಗೆ ಎದುರಾಗಿ ಮೇಲೇರುತ್ತದೆ. ಏರಿದಂತೆ ತಣಿದು ಮಳೆಗರೆಯುತ್ತದೆ. ಉತ್ತರ ಕನ್ನಡದ ಕರಾವಳಿಗೆ ವರ್ಷಕ್ಕೆ ಸುಮಾರು 3000 ಮಿಲಿಮೀಟರು ಮಳೆ. ಅದೇ ಗಾಳಿ ಬೆಟ್ಟವನ್ನಿಳಿದು ಬಾಲಾಘಾಟದ ಈ ಪ್ರಸ್ಥಭೂಮಿಗೆ ಬರುವಷ್ಟರಲ್ಲಿ ತನ್ನ ತೇವದ ಬಹುಪಾಲನ್ನು ಕಳೆದುಕೊಂಡಿರುತ್ತದೆ; ನಮಗೆ ಬೀಳುವ ಮಳೆ ಕರಾವಳಿಯದರ ಕಾಲುಭಾಗದಷ್ಟು. ಅವರ ಸಮೃದ್ಧಿ ಅವರ ಪುಣ್ಯಫಲವಲ್ಲ, ನಮ್ಮ ಬರ ನಮ್ಮ ಪಾಪಫಲವಲ್ಲ. ನಡುವೆ ನಿಂತ ಬೆಟ್ಟವು ಯಾರ ಯೋಗ್ಯತೆಯನ್ನೂ ಕೇಳಲಿಲ್ಲ.

ಹಾಗೆಂದು ಕರಾವಳಿಯ ಬಾಳು ಸುಗಮವೆಂದು ಬಗೆಯಬಾರದು. ಜೂನ್, ಜುಲೈ ತಿಂಗಳುಗಳಲ್ಲಿ ಅಲ್ಲಿಯ ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ಉಳ್ಳಾಲದಂತಹ ಊರುಗಳಲ್ಲಿ ಅಲೆಗಳು ದಡವನ್ನು ಕೊರೆದು ಮನೆಗಳನ್ನೇ ನುಂಗಿವೆ. ನಮ್ಮ ಎರೆಮಣ್ಣಾದರೋ ಮಳೆಗಾಲದ ತೇವವನ್ನು ಒಡಲಲ್ಲಿಟ್ಟುಕೊಂಡು ಚಳಿಗಾಲದಲ್ಲಿ ಹಿಂಗಾರಿ ಜೋಳವನ್ನು ಸಾಕುತ್ತದೆ. ಕಡಲತಡಿಯ ಮರಳಿಗೆ ಆ ಗುಣವಿಲ್ಲ.

ಆದರೆ, ಅವರಿಗೆ ಅವರ ಕಷ್ಟ, ನಮಗೆ ನಮ್ಮ ಕಷ್ಟ ಎಂದು ಸುಮ್ಮನೆ ಕುಳಿತರೆ ಅದು ತತ್ತ್ವಜ್ಞಾನವಾಗದು, ಆಲಸ್ಯವಾದೀತು. 2016ರ ಬೇಸಿಗೆಯಲ್ಲಿ, ನಿಲಂಗಾ, ಉದಗೀರಗಳ ಜಿಲ್ಲಾಸ್ಥಳವಾದ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂದಿತು. ಅದು ಸಹ್ಯಾದ್ರಿಯ ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆಯ ನೀರು. ಬೆಟ್ಟವು ತಡೆದ ಮಳೆಯನ್ನು ಮನುಷ್ಯನು ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು ಸಾಗಿಸಿ ಬಾಯಾರಿದವರಿಗೆ ಮುಟ್ಟಿಸಿದನು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಮಳೆ ಕಡಿಮೆಯಿರುವ ಇದೇ ನಾಡಿನಲ್ಲಿ ಬಹು ನೀರನ್ನು ಬೇಡುವ ಕಬ್ಬು ವರ್ಷವರ್ಷವೂ ಬೆಳೆಯುತ್ತ ಬಂದಿದೆ. ಒಬ್ಬನ ಹೊಲದ ಆಳವಾದ ಕೊಳವೆಬಾವಿ ನೆರೆಯವನ ಬಾವಿಯನ್ನು ಬತ್ತಿಸಬಲ್ಲದು. ಇಲ್ಲಿ ದೂರಲು ಯಾವ ಬೆಟ್ಟವೂ ಅಡ್ಡ ನಿಂತಿಲ್ಲ.

ಗಾಳಿಗೆ ನ್ಯಾಯ ಅನ್ಯಾಯಗಳಿಲ್ಲ. ಅದು ತಂದುದನ್ನು ಹಂಚಿಕೊಳ್ಳುವವರಿಗೆ ಉಂಟು. ಭೂಗೋಳದ ಪಾಠವನ್ನು ಹೇಳುವ ಉಪಾಧ್ಯಾಯರು ಕರಾವಳಿಗೆಷ್ಟು ಮಳೆ, ನಮಗೆಷ್ಟು ಮಳೆ ಎಂದು ಕೇಳಿದ ಮೇಲೆ ಮತ್ತೊಂದು ಪ್ರಶ್ನೆಯನ್ನೂ ಕೇಳಲಿ: ನಮ್ಮ ಊರಿಗೆ ಬಿದ್ದ ಮಳೆಯಲ್ಲಿ ಯಾರಿಗೆ ಎಷ್ಟು ಪಾಲು ದೊರೆಯಿತು?