ಇಂದಿನ ಧಮ್ಮ ಚಿಂತನೆ: ಕೈಗೆ ಒಗ್ಗಿಹೋದ ಗೇರ್



ಇವತ್ತು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನನ್ನ ಹತ್ತಿರ ಒಂದು ಹಳೇ ಪಿಕಪ್ ಗಾಡಿ ಇದೆ. ಕೊಳ್ಳೇಗಾಲದಿಂದ ತರಕಾರಿ ತುಂಬಿಕೊಂಡು ಹನೂರು, ಕೌದಳ್ಳಿ ದಾಟಿ ಮಲೆ ಮಹದೇಶ್ವರ ಬೆಟ್ಟದವರೆಗೆ ಹೋಗುವುದು, ಖಾಲಿ ಕ್ರೇಟು ಹಾಕಿಕೊಂಡು ಬರುವುದು. ಇದರಿಂದಲೇ ನಮ್ಮ ಮನೆ ನಡೆಯುತ್ತದೆ. ಆ ಗಾಡಿಯ ಗೇರ್ ರಾಡ್ ಎರಡು ವರ್ಷದಿಂದ ಲೂಸ್ ಆಗಿತ್ತು. ನ್ಯೂಟ್ರಲ್‌ನಲ್ಲಿ ಇಟ್ಟು ಅಲ್ಲಾಡಿಸಿದರೆ ಪಾತ್ರೆಯಲ್ಲಿ ಸೌಟು ಆಡಿದ ಹಾಗೆ ಆಡುತ್ತಿತ್ತು. ಗಡಗಡ ಸದ್ದು ತಡೆಯಲಾರದೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ರಾಡ್ ಬುಡಕ್ಕೆ ಬಿಗಿಯಾಗಿ ಸುತ್ತಿದೆ. ಸದ್ದು ನಿಂತಿತು. ಸದ್ದು ನಿಂತದ್ದನ್ನೇ ರಿಪೇರಿ ಅಂದುಕೊಂಡೆ.

ಎರಡನೇ ಗೇರ್ ಹಾಕಲು ನನ್ನದೇ ಒಂದು ಉಪಾಯ ಇತ್ತು. ಪೂರ್ತಿ ಎಡಕ್ಕೆ ತಳ್ಳಿ, ಹಿಂದಕ್ಕೆ ಜಗ್ಗಿ, ಒಂದು ಕ್ಷಣ ಹಾಗೇ ಹಿಡಿಯಬೇಕು. ಯಾರಾದರೂ ಕೇಳಿದರೆ "ಹಳೇ ಗಾಡಿ ಅಲ್ವಾ, ಅದರ ಸ್ವಭಾವವೇ ಹಾಗೆ" ಎನ್ನುತ್ತಿದ್ದೆ.

ಮಗಳಿಗೆ ಲೈಸೆನ್ಸ್ ಬಂತು. ಗಾಡಿ ಕೊಡುವಾಗ ಆ ಉಪಾಯವನ್ನೂ ಹೇಳಿಕೊಟ್ಟೆ. ಪ್ರೀತಿಯಿಂದಲೇ ಹೇಳಿಕೊಟ್ಟೆ.

ಹೋದ ತಿಂಗಳು ಬೆಟ್ಟದಿಂದ ತಾಳಬೆಟ್ಟದ ಕಡೆಗೆ ಇಳಿಯುತ್ತಿದ್ದೆವು. ಅವಳು ಓಡಿಸುತ್ತಿದ್ದಳು, ಪಕ್ಕದಲ್ಲಿ ನಾನು ಮತ್ತು ನನ್ನ ಭಾವಮೈದ. ತಿರುವಿಗೆ ಮುಂಚೆ ಅವಳು ಎರಡನೇ ಗೇರ್ ಹಾಕಿದಳು. ರಾಡ್ ಜಾಗಕ್ಕೆ ಬಂದಂತೆ ಕಂಡಿತು. ಕ್ಲಚ್ ಬಿಟ್ಟ ಸ್ವಲ್ಪ ಹೊತ್ತಿಗೆ ಗೇರ್ ಹಾರಿ ನ್ಯೂಟ್ರಲ್‌ಗೆ ಬಿತ್ತು. ಎಂಜಿನ್ ಹಿಡಿತ ತಪ್ಪಿದ ಗಾಡಿ ಒಮ್ಮೆಲೇ ಜೋರಾಯಿತು. ಅವಳು ಗಾಬರಿಯಾಗದೆ ಬ್ರೇಕ್ ಹಿಡಿದು, ಬೆಟ್ಟದ ಮಗ್ಗುಲಿಗೆ ತಂದು ನಿಲ್ಲಿಸಿದಳು. ನಾನು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ. ನನ್ನ ಕೈ ನಡುಗುತ್ತಿತ್ತು.

ಭಾವಮೈದ ಹೇಳಿದ: "ಭಾವ, ಗಾಡಿಗೆ ದೃಷ್ಟಿಯಾಗಿದೆ. ಊರಿಗೆ ಹೋಗಿ ಒಂದು ನಿಂಬೆಹಣ್ಣು ಕಟ್ಟಿ." ಅವನಿನ್ನೂ ದೀಕ್ಷೆ ತೆಗೆದುಕೊಂಡಿಲ್ಲ. ಅವನಿಗೆ ಬುದ್ಧಿ ಹೇಳಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಕೇಳಿದಳು: "ಅಪ್ಪ, ಇದು ಹೀಗಾಗುತ್ತೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?"

ನನ್ನ ಬಳಿ ಉತ್ತರ ಇರಲಿಲ್ಲ.

ಮೊದಲು ಹೋದ ಗ್ಯಾರೇಜಿನವನು ಗಾಡಿ ಮುಟ್ಟದೆಯೇ ಗೇರ್‌ಬಾಕ್ಸ್ ಇಳಿಸಬೇಕು ಎಂದ. ಅಷ್ಟು ದುಡ್ಡು ಇಲ್ಲದೆ ಇನ್ನೊಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಮೊದಲು ಪ್ರಶ್ನೆ ಕೇಳಿದರು. ಒಂದೇ ಗೇರ್ ಹಾರುತ್ತದೋ, ಎಲ್ಲವೂ ಸಡಿಲವೋ? ಗೇರ್ ಹಾಕುವಾಗ ಕರಕರ ಸದ್ದು ಬರುತ್ತದೋ? ಕ್ಲಚ್ ಸರಿಯಾಗಿ ಬಿಡುತ್ತದೋ? ಒಂದೇ ಗೇರ್ ಹಾರಿದರೆ ಬಾಕ್ಸ್ ಒಳಗೆ ನೋಡಬೇಕು, ಎಲ್ಲ ಗೇರೂ ಒಂದೇ ಥರ ಅಲ್ಲಾಡಿದರೆ ಮೊದಲು ರಾಡ್ ಬುಡ ನೋಡಬೇಕು ಎಂದರು. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಚಕ್ರಕ್ಕೆ ತಡೆ ಕೊಟ್ಟು, ರಬ್ಬರ್ ಕವಚ ಎತ್ತಿದರು. ನಾನು ಸುತ್ತಿದ್ದ ಟ್ಯೂಬ್ ನೋಡಿ ನಕ್ಕರು, ಏನೂ ಅನ್ನಲಿಲ್ಲ. ಬೋಲ್ಟು ಬಿಚ್ಚಿ ರಾಡ್ ಮೇಲಕ್ಕೆ ಎತ್ತಿದರು. ಕಸ ಬೀಳದಿರಲೆಂದು ತೂತಿಗೆ ಶುದ್ಧ ಬಟ್ಟೆ ಮುಚ್ಚಿದರು.

ರಾಡಿನ ಬುಡದಲ್ಲಿ ಒಂದು ಗುಂಡು ಇರುತ್ತದೆ. ಅದು ಕೂರುವ ನೈಲಾನ್ ಬುಷ್ ಸವೆದು ಪುಡಿಯಾಗಿತ್ತು. ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಸೋತಿತ್ತು. ಅವರು ಹೇಳಿದರು: "ನೋಡಿ, ನಿಮ್ಮ ಕೈ ಓಡಿಸಿದ್ದರಲ್ಲಿ ಅರ್ಧ ಈ ಸವೆದ ಜಾಗದಲ್ಲೇ ಮುಗಿದುಹೋಗ್ತದೆ. ಉಳಿದದ್ದು ಮಾತ್ರ ಬಾಕ್ಸಿಗೆ ಹೋಗ್ತದೆ. ಗೇರ್ ಪೂರ್ತಿ ಕಚ್ಚಲ್ಲ. ಸಮರಸ್ತೆಯಲ್ಲಿ ಹೆಂಗೋ ನಿಲ್ತದೆ, ಇಳಿಜಾರಲ್ಲಿ ಹಾರ್ತದೆ." ಹೊಸ ಬುಷ್, ಹೊಸ ಸ್ಪ್ರಿಂಗ್, ಸ್ವಲ್ಪ ಗ್ರೀಸ್. ಸಾಮಾನಿಗೆ ಆದದ್ದು ನಮ್ಮ ಮೂವರ ಒಂದು ಹೊತ್ತಿನ ಊಟದ ದುಡ್ಡು. ಆಮೇಲೆ ಎಲ್ಲ ಗೇರನ್ನೂ ಹಾಕಿ ನೋಡಿ, ರಸ್ತೆಯಲ್ಲಿ ಓಡಿಸಿ ನೋಡಿಯೇ ಗಾಡಿ ಕೊಟ್ಟರು.

ಬಂಧುಗಳೇ, ಭಾವಮೈದನ ನಿಂಬೆಹಣ್ಣಿಗೆ ನಾನು ನಗಲು ಹೊರಟಿದ್ದೆ. ನನ್ನ ಸೈಕಲ್ ಟ್ಯೂಬ್ ಮಾತ್ರ ಬೇರೆಯೇನು? ಎರಡೂ ಕಾರಣವನ್ನು ಮುಟ್ಟುವುದಿಲ್ಲ. ಎರಡೂ ಮನಸ್ಸಿಗೆ ಸಮಾಧಾನ ಕೊಡುತ್ತವೆ, ಅಷ್ಟೇ. ಪ್ರತೀತ್ಯ ಸಮುತ್ಪಾದ ಎಂದರೆ ಕಾರಣವಿಲ್ಲದೆ ಯಾವುದೂ ಇಲ್ಲ, ಕಾರಣ ತೆಗೆದರೆ ಫಲವೂ ಇಲ್ಲ ಎಂದು ಭಾನುವಾರ ವಿಹಾರದಲ್ಲಿ ಹೇಳುವವನು ನಾನೇ. ವಾರವೆಲ್ಲ "ಸ್ವಭಾವವೇ ಹಾಗೆ" ಎಂದುಕೊಂಡು ಗಾಡಿ ಓಡಿಸಿದವನೂ ನಾನೇ.

'ಬುದ್ಧ ಮತ್ತು ಆತನ ಧಮ್ಮ'ದ ಪೀಠಿಕೆಯಲ್ಲಿ ಬಾಬಾಸಾಹೇಬರು ನಾಲ್ಕು ಆರ್ಯಸತ್ಯಗಳ ಬಗ್ಗೆಯೇ ಪ್ರಶ್ನೆ ಎತ್ತುತ್ತಾರೆ. ಬದುಕೇ ದುಃಖ ಎಂದುಬಿಟ್ಟರೆ ಮನುಷ್ಯನಿಗೆ ಭರವಸೆ ಎಲ್ಲಿ ಎಂಬುದು ಅವರ ಚಿಂತೆ. ಅವರು ಒತ್ತಿ ಹೇಳುವುದು ದುಃಖವನ್ನು ಗುರುತಿಸುವುದು ಮತ್ತು ಅದನ್ನು ತೊಲಗಿಸುವುದು, ಈ ಎರಡನ್ನೂ. ಗುರುತಿಸಿ ಸುಮ್ಮನಾದರೆ ಅರ್ಧ ಕೆಲಸ. ನಾನು ಗುರುತಿಸಿದ್ದೆ. ತೊಲಗಿಸುವ ಬದಲು ಕೈಯನ್ನು ಒಗ್ಗಿಸಿಕೊಂಡಿದ್ದೆ.

ಒಗ್ಗಿಸಿಕೊಳ್ಳುವುದು ನಮ್ಮ ಹಿರಿಯರಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತು ಎಂಬುದು ನಿಮಗೂ ಗೊತ್ತು. ದಾರಿ ಬಿಟ್ಟು ನಿಲ್ಲುವುದು, ದೂರದಿಂದ ಬೊಗಸೆ ಒಡ್ಡುವುದು, ಹೋಟೆಲಿನ ಹೊರಗೆ ಬೇರೆ ಲೋಟ ತೊಳೆದಿಡುವುದು. ನಮ್ಮ ತಾತ ಇದನ್ನು ನಮ್ಮಪ್ಪನಿಗೆ ಕಲಿಸಿದ್ದು ದ್ವೇಷದಿಂದಲ್ಲ, ಮಗ ಪೆಟ್ಟು ತಿನ್ನದಿರಲಿ ಎಂಬ ಪ್ರೀತಿಯಿಂದ. ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ಎಂದು 1923ರಲ್ಲೇ ಮುಂಬೈ ಶಾಸನಸಭೆಯಲ್ಲಿ ನಿರ್ಣಯವಾಗಿತ್ತು. 1924ರಲ್ಲಿ ಮಹಾಡ್ ಪುರಸಭೆಯೂ ಚೌದಾರ್ ಕೆರೆಯನ್ನು ತೆರೆದಿತ್ತು. ಕಾಗದದ ಮೇಲೆ ಗೇರ್ ಬಿದ್ದಿತ್ತು, ಒಳಗೆ ಕಚ್ಚಿರಲಿಲ್ಲ. ನೀರಿಗೆ ಬೇರೆ ಸುತ್ತುದಾರಿ ಹುಡುಕಿಕೊಳ್ಳಿ ಎಂದು ಬಾಬಾಸಾಹೇಬರು ಹೇಳಲಿಲ್ಲ. 1927ರ ಮಾರ್ಚ್ 20ರಂದು ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ಅದೇ ಕೆರೆಯ ನೀರು ಕುಡಿದರು. ಒಗ್ಗಿಹೋಗುವ ಪಾಠ ಮಕ್ಕಳಿಗೆ ಇಳಿಯದಿರಲಿ ಎಂದು.

ಹಾಗಿದ್ದರೂ ನಾವು ಇಂದು ಮಕ್ಕಳಿಗೆ ಯಾವ ಉಪಾಯ ಹೇಳಿಕೊಡುತ್ತಿದ್ದೇವೆ? ನನ್ನ ಮಗಳಿಗೆ ಒಂದು ಸಂಬಂಧ ಬಂದಿದೆ. ಅವರೂ ಬೌದ್ಧರು, ಇಪ್ಪತ್ತೆರಡು ಪ್ರತಿಜ್ಞೆ ತೆಗೆದುಕೊಂಡವರು. ಹಳೇ ಲೆಕ್ಕದಲ್ಲಿ ಬೇರೆ ಒಳಪಂಗಡ. ಹುಡುಗನೂ ಮಗಳೂ ಒಪ್ಪಿದ್ದಾರೆ. "ನೆಂಟರು ಏನಂದಾರು, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ" ಎಂದು ಆರು ತಿಂಗಳಿಂದ ಅಡ್ಡ ನಿಂತಿರುವವನು ನಾನು. ಬಾಯಲ್ಲಿ ಪ್ರತಿಜ್ಞೆ, ಮನೆಯಲ್ಲಿ ನ್ಯೂಟ್ರಲ್. ತಾಳಬೆಟ್ಟದಲ್ಲಿ ಅವಳು ಕೇಳಿದ ಪ್ರಶ್ನೆ ಗೇರಿಗಷ್ಟೇ ಅಲ್ಲ ಎಂದು ನನಗೆ ಆಮೇಲೆ ಹೊಳೆಯಿತು.

ಅಷ್ಟಾಂಗ ಮಾರ್ಗದಲ್ಲಿ ಸಮ್ಮಾ ವಾಯಾಮ ಎಂದರೆ ಇರುವ ಕೆಡುಕನ್ನು ತೊಲಗಿಸುವ, ಹೊಸದು ಹುಟ್ಟದಂತೆ ತಡೆಯುವ ಪ್ರಯತ್ನ. ಅದಕ್ಕೆ ದೊಡ್ಡ ಜಾಗ ಬೇಕಿಲ್ಲ. ರಬ್ಬರ್ ಕವಚ ಎತ್ತಿ ನೋಡುವ ಧೈರ್ಯ ಸಾಕು.

ಇಂದಿನ ಅಭ್ಯಾಸ: ಬುದ್ಧ ವಂದನೆಯ ನಂತರ ಐದು ನಿಮಿಷ ಕುಳಿತು, "ಅದರ ಸ್ವಭಾವವೇ ಹಾಗೆ" ಎಂದು ನೀವು ಬಿಟ್ಟುಬಿಟ್ಟಿರುವ ಒಂದೇ ಒಂದು ಸಂಗತಿಯನ್ನು ನೆನೆಯಿರಿ. ಅದಕ್ಕೆ ಕಾರಣ ಏನೆಂದು ಕೇಳಿ. ಅದನ್ನು ನಿಮ್ಮಿಂದ ಯಾರು ಕಲಿಯುತ್ತಿದ್ದಾರೆ ಎಂದೂ ಕೇಳಿ.

ನಾನು ಇವತ್ತು ಸಂಜೆ ಹುಡುಗನ ಮನೆಗೆ ಫೋನ್ ಮಾಡುತ್ತೇನೆ.

ಸಕಲ ಜೀವಿಗಳಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.