ತಲಾಂತು ಯಾರದು?

ಹತ್ತನೆಯ ತರಗತಿಯ ಬಾಲಕನೊಬ್ಬ ತನ್ನ ಇಂಗ್ಲಿಷ್ ನೋಟ್‌ಪುಸ್ತಕವನ್ನು ನನ್ನ ಮುಂದಿಟ್ಟು, “ಫಾದರ್, ಸರಿ ಇದೆಯೇ ನೋಡಿ” ಎಂದ. ‘ಟ್ಯಾಲೆಂಟ್’ ಎಂಬ ಪದಕ್ಕೆ ಅರ್ಥ ಬರೆದು, ಸ್ವಂತ ವಾಕ್ಯದಲ್ಲಿ ಬಳಸಬೇಕಿತ್ತು. ಅರ್ಥ, ‘ಪ್ರತಿಭೆ’. ವಾಕ್ಯ, ‘ಐ ಹ್ಯಾವ್ ನೋ ಟ್ಯಾಲೆಂಟ್.’ ನನ್ನಲ್ಲಿ ಯಾವ ಪ್ರತಿಭೆಯೂ ಇಲ್ಲ! ವ್ಯಾಕರಣದಲ್ಲಿ ದೋಷವಿರಲಿಲ್ಲ. ಆದರೂ ಸರಿ ಗುರುತು ಹಾಕಲು ನನಗೆ ಕೈ ಬರಲಿಲ್ಲ.

ಈ ಪದದ ಮೂಲ ಗ್ರೀಕ್ ಭಾಷೆಯ ‘ತಾಲಂತೋನ್’. ಮೊದಲು ಅದಕ್ಕೆ ತಕ್ಕಡಿ ಎಂದೂ ತೂಕ ಎಂದೂ ಅರ್ಥ; ಬಳಿಕ ಆ ತೂಕದ ಬೆಳ್ಳಿಯ ಮೌಲ್ಯವೆಂದಾಯಿತು. ಕನ್ನಡ ಬೈಬಲಿನ ಓದುಗರಿಗೆ ಅದು ‘ತಲಾಂತು’ ಎಂದು ಪರಿಚಿತ. ಸಂತ ಮತ್ತಾಯರ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಯಜಮಾನನು ತನ್ನ ಸೇವಕರಿಗೆ ಐದು, ಎರಡು, ಒಂದು ತಲಾಂತುಗಳನ್ನು ಒಪ್ಪಿಸಿ ಹೋಗುತ್ತಾನೆ. ಈ ಸಾಮತಿಯ ವ್ಯಾಖ್ಯಾನದಿಂದಲೇ ಇಂಗ್ಲಿಷಿನ ಹಣದ ಪದಕ್ಕೆ ‘ಪ್ರತಿಭೆ’ ಎಂಬ ಅರ್ಥ ಬಂದಿತು. ಒಂದು ತಲಾಂತೆಂದರೆ ಸುಮಾರು 6000 ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ 20 ವರ್ಷಗಳ ಸಂಪಾದನೆ. ಒಂದೇ ತಲಾಂತು ಪಡೆದವನೂ ಬಡವನಾಗಿರಲಿಲ್ಲ.

ಇನ್ನೊಂದನ್ನು ಗಮನಿಸಬೇಕು. ಯಜಮಾನನು ಅವರವರ ಸಾಮರ್ಥ್ಯಕ್ಕೆ ತಕ್ಕಂತೆ ಹಂಚಿದನು. ಹಾಗಾದರೆ ಕಥೆಯಲ್ಲಿ ತಲಾಂತು ಎಂಬುದು ಸಾಮರ್ಥ್ಯವಲ್ಲ. ನಂಬಿ ಒಪ್ಪಿಸಿದ ಪರರ ಸ್ವತ್ತು. ಇಂದು ನಾವು ಅದನ್ನು ಕೊರಳ ಪದಕದಂತೆ ಬಳಸುತ್ತೇವೆ. ಉಳ್ಳವನು ತನ್ನದೆಂದು ಬೀಗುತ್ತಾನೆ, ಇಲ್ಲವೆಂದುಕೊಂಡವನು ಕುಗ್ಗುತ್ತಾನೆ. ಇಬ್ಬರೂ ಒಪ್ಪಿಸಿದವನನ್ನು ಮರೆತಿದ್ದಾರೆ. ಮೂರನೆಯ ಸೇವಕನು ತಲಾಂತನ್ನು ಹೂತಿಟ್ಟದ್ದು ಭಯದಿಂದ. ಆ ಭಯವನ್ನು ಮಕ್ಕಳಲ್ಲಿ ಬಿತ್ತುವವರು ಯಾರು? ಧರ್ಮಕೇಂದ್ರದ ವಾರ್ಷಿಕೋತ್ಸವದಲ್ಲಿ ಹಾಡಿದವರಿಗೂ ಕುಣಿದವರಿಗೂ ಮಾತ್ರ ‘ಪ್ರತಿಭಾವಂತರು’ ಎಂದು ಬಹುಮಾನವಿತ್ತ ಕೈ ನನ್ನದೂ ಹೌದು.

ಪ್ರತಿ ತಿಂಗಳ ಮೊದಲ ಶುಕ್ರವಾರ ಆ ಬಾಲಕನ ಮನೆಗೆ ಪರಮಪ್ರಸಾದ ಕೊಂಡೊಯ್ಯುತ್ತೇನೆ. ಹಾಸಿಗೆ ಹಿಡಿದ ಅಜ್ಜಿಯನ್ನು ಎಬ್ಬಿಸಿ ಕೂರಿಸುವವನು ಅವನೇ. ಆಕೆಯ ತೊದಲು ಮಾತು ಅವನಿಗಲ್ಲದೆ ಬೇರೆಯವರಿಗೆ ತಿಳಿಯದು. ಅದನ್ನು ನೆನಪಿಸಿದೆ.

“ಅದೂ ಟ್ಯಾಲೆಂಟೇ, ಫಾದರ್?” ಎಂದು ಕೇಳಿದ.

ವಾಕ್ಯದಲ್ಲಿದ್ದ ‘ನೋ’ ಪದವನ್ನು ಹೊಡೆದು ‘ಎ’ ಎಂದು ಬರೆದುಕೊಟ್ಟೆ.

ಪ್ರಿಯರೇ, ಮಕ್ಕಳ ಅಂಕಪಟ್ಟಿಯನ್ನು ಕೈಗೆತ್ತಿಕೊಳ್ಳುವ ಮುನ್ನ, ದೇವರು ಆ ಮಗುವಿನ ವಶಕ್ಕೆ ಏನನ್ನು ಒಪ್ಪಿಸಿದ್ದಾರೆಂದು ಒಮ್ಮೆ ನೋಡೋಣ.