ಇಂದಿನ ಧಮ್ಮಚಿಂತನೆ: ತಟ್ಟಿದರೆ ಬಿಡುವ ಕೈ



ರಜೆಗೆ ಕೊಲ್ಲೂರಿಗೆ ಬಂದಿರುವ ಮಗಳು ಬೆಂಗಳೂರಿನಲ್ಲಿ ಕಲಿತ ಬ್ರೆಜಿಲಿಯನ್ ಜಿಯು-ಜಿತ್ಸುವನ್ನು ನನಗೂ ಕಲಿಸುತ್ತಿದ್ದಾಳೆ. ಕೆಳಗೆ ಬಿದ್ದಾಗ ಸೊಂಟ ಜಾರಿಸಿ ಹೊರಬರುವುದು ಮೊದಲ ಪಾಠ. ಪಟ್ಟು ಬಿಗಿಯಾದರೆ ಎದುರಾಳಿಯ ಮೈ ತಟ್ಟುವುದು ಎರಡನೆಯದು. ತಟ್ಟಿದ ಕೂಡಲೇ ಅವರು ಬಿಡಬೇಕು.

ನಾನು ತಟ್ಟಲಿಲ್ಲ, ಮೊಣಕೈ ಉಳುಕಿತು. ಅಜ್ಜ ಬದುಕಿಡೀ ತಲೆಬಾಗಿದ್ದರು, ನಾನು ಬಾಗಲಾರೆ ಎಂಬ ಹಟ. ಆದರೆ ಅಜ್ಜ ಬಾಗಿದರೂ ಜಾತಿಯ ಹಿಡಿತ ಸಡಿಲಾಗಲಿಲ್ಲ. ಇಲ್ಲಿ ತಟ್ಟಿದವನೂ ಬಿಟ್ಟವಳೂ ಮತ್ತೆ ಸಮಾನರಾಗಿ ಎದುರುಬದುರು ಕೂರುತ್ತಾರೆ.

ಅಹಿಂಸೆಯ ಉಪಾಸಕ ಪಟ್ಟು ಕಲಿಯಬಹುದೇ? ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ವಿವರಿಸಿದ್ದಾರೆ. ಬಲವಿರಲಿ, ನೋಯಿಸುವ ಇಚ್ಛೆ ಬೇಡ.

ತರಗತಿಯಲ್ಲಿ ಮಗು ‘ತಪ್ಪಾಯ್ತು ಸಾರ್’ ಎಂದ ಕೂಡಲೇ ನಾನು ಹಿಡಿತ ಬಿಟ್ಟಿದ್ದೇನೆಯೇ? ಇಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.

ಭವತು ಸಬ್ಬ ಮಂಗಲಂ.